ಶಿಷ್ಯನ ಕಾನೂನಿಗೆ ಗುರುವಿನ ಓದು

1996ರಲ್ಲಿ ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನಿಂದ ಒಂದು ವಿದ್ವತ್ಪತ್ರಿಕೆ ಹೊರಡಲಾರಂಭಿಸಿತು. ‘ಜಪಾನಿನ ಕಾನೂನಿನ ಪತ್ರಿಕೆ’ ಎಂಬುದು ಅದರ ಹೆಸರಿನ ನೇರ ಅರ್ಥ. ವರ್ಷಕ್ಕೆ ಎರಡು ಸಂಚಿಕೆ. ಲೇಖನಗಳು ಜರ್ಮನ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ. 1988ರಲ್ಲಿ ಹುಟ್ಟಿದ ಜರ್ಮನ್–ಜಪಾನೀ ನ್ಯಾಯವಿದರ ಸಂಘ ಅದರ ಬೆನ್ನಿಗಿತ್ತು. ವಿದೇಶೀ ಕಾನೂನುಗಳ ಅಧ್ಯಯನಕ್ಕೆ ಹೆಸರಾದ ಅದೇ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿದ್ವಾಂಸ ಹರಾಲ್ಡ್ ಬೌಮ್ ಸಂಪಾದಕತ್ವ ವಹಿಸಿದರು. ಟೋಕಿಯೋದ ಯಾವುದೋ ನ್ಯಾಯಾಲಯದ ತೀರ್ಪು, ಅಲ್ಲಿನ ಸಂಸತ್ತು ತಿದ್ದಿದ ಒಂದು ಕಲಮು, ಹೊಸದಾಗಿ ಬಂದ ಒಂದು ಗ್ರಂಥದ ವಿಮರ್ಶೆ - ಇವೇ ಅದರ ಸರಕು. ಓದುಗರ ಸಂಖ್ಯೆ ದೊಡ್ಡದಿರಲು ಸಾಧ್ಯವಿಲ್ಲದ ಪತ್ರಿಕೆ ಅದು.

ಇದರಲ್ಲಿ ವಿಶೇಷವೇನು ಎಂದು ಕೇಳಬಹುದು. ವಿಶೇಷವಿರುವುದು ಓದಿನ ದಿಕ್ಕಿನಲ್ಲಿ. ನೂರು ವರ್ಷಗಳ ಹಿಂದೆ ಪುಸ್ತಕ ಹಿಡಿದು ಕುಳಿತಿದ್ದವರು ಜಪಾನೀಯರು. ಪಾಠ ಹೇಳುತ್ತಿದ್ದವರಲ್ಲಿ ಜರ್ಮನರು ಪ್ರಮುಖರು. ಜಪಾನಿನ ಸಂವಿಧಾನ, ವಾಣಿಜ್ಯ ಸಂಹಿತೆ, ಸಿವಿಲ್ ಸಂಹಿತೆ - ಇವೆಲ್ಲದರ ಮೇಲೂ ಜರ್ಮನಿಯ ಮುದ್ರೆ ಬಿದ್ದಿತ್ತು. ತನ್ನದೇ ಪಾಠ ಒಪ್ಪಿಸಿದ ಶಿಷ್ಯನ ಪಟ್ಟಿಯನ್ನು ಗುರು ಮತ್ತೆ ಕೂತು ಓದುವ ಅಗತ್ಯವೇನಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಕಾನೂನು ಎಂಬುದು ಪುಸ್ತಕದಲ್ಲಿದೆಯೇ, ಊರಿನಲ್ಲಿದೆಯೇ ಎಂಬ ಹಳೆಯ ಜಿಜ್ಞಾಸೆಗೆ ಬಂದು ನಿಲ್ಲುತ್ತೇವೆ.

ಆಳುವುದಕ್ಕೆ ಓದಿದ್ದು

ಒಂದು ದೇಶದವರು ಇನ್ನೊಂದು ದೇಶದ ಕಾನೂನನ್ನು ಸುಮ್ಮನೆ ಓದುವುದು ಅಪರೂಪ. ಚರಿತ್ರೆಯಲ್ಲಿ ಅಂಥ ಓದಿಗೆ ಹೆಚ್ಚಾಗಿ ಎರಡು ಕಾರಣಗಳಿದ್ದವು. ಒಂದು, ಆ ಜನರನ್ನು ಆಳುವುದು. ಇನ್ನೊಂದು, ಅವರಿಂದ ಎರವಲು ತರುವುದು.

ಮೊದಲನೆಯದರ ಉದಾಹರಣೆಗೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಏಳು ಶತಮಾನಗಳ ನಂತರ, 1810ರಲ್ಲಿ, ಅದರ ದಾಯಭಾಗದ ಪ್ರಕರಣವನ್ನು ಹೆನ್ರಿ ಥಾಮಸ್ ಕೋಲ್‌ಬ್ರೂಕ್ ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ತಂದ. ಕೋಲ್‌ಬ್ರೂಕ್ ದೊಡ್ಡ ಸಂಸ್ಕೃತ ವಿದ್ವಾಂಸನೇನೋ ಹೌದು. ಆದರೆ ಈ ಅನುವಾದ ವಿದ್ವತ್ತಿನ ಸಂತೋಷಕ್ಕೆ ಮಾತ್ರ ಹುಟ್ಟಿದ್ದಲ್ಲ. ಕಂಪನಿಯ ನ್ಯಾಯಾಲಯಗಳಿಗೆ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯ ತೀರಿಸಲು ಒಂದು ಪುಸ್ತಕ ಬೇಕಾಗಿತ್ತು. ಊರೂರಿಗೆ, ಜಾತಿಜಾತಿಗೆ ಬೇರೆಯಾಗಿದ್ದ ರೂಢಿಗಳನ್ನು ಗಮನಿಸುತ್ತ ಪಂಡಿತರು ಚರ್ಚಿಸುತ್ತಿದ್ದ ಗ್ರಂಥ ಹೀಗೆ ಇಂಗ್ಲಿಷ್ ನ್ಯಾಯಾಧೀಶರ ಮೇಜಿನ ಮೇಲೆ ಗಟ್ಟಿ ನಿಯಮವಾಗಿ ಕುಳಿತಿತು. 1864ರಲ್ಲಿ ನ್ಯಾಯಾಲಯದ ಪಂಡಿತರ ಹುದ್ದೆಯೂ ರದ್ದಾಯಿತು. ಅಲ್ಲಿಂದಾಚೆಗೆ ಅನುವಾದವನ್ನು ಪ್ರಶ್ನಿಸುವ ಅಧಿಕೃತ ದನಿಯೇ ಕೋರ್ಟಿನಲ್ಲಿ ಉಳಿಯಲಿಲ್ಲ. ಆಳುವವನ ಓದು ಆಜ್ಞೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರವಲಿಗೆ ಓದಿದ್ದು

ಎರಡನೆಯ ಬಗೆಯ ಓದಿಗೆ ಜಪಾನೇ ಬಹುದೊಡ್ಡ ನಿದರ್ಶನ. 1858ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೊದಲಾದ ರಾಷ್ಟ್ರಗಳು ಜಪಾನಿನ ಮೇಲೆ ಅಸಮಾನ ಒಪ್ಪಂದಗಳನ್ನು ಹೇರಿದವು. ಅವುಗಳ ಪ್ರಕಾರ ಜಪಾನಿನ ನೆಲದಲ್ಲಿ ತಪ್ಪು ಮಾಡಿದ ಪಾಶ್ಚಾತ್ಯನನ್ನು ಅಲ್ಲಿನ ನ್ಯಾಯಾಲಯ ವಿಚಾರಿಸುವಂತಿರಲಿಲ್ಲ. ಅವನ ದೇಶದ ಕಾನ್ಸಲನೇ ವಿಚಾರಿಸಬೇಕು. ‘ನಿಮ್ಮ ಕಾನೂನು ನಾಗರಿಕವಾದದ್ದಲ್ಲ’ ಎಂಬುದು ಅದರ ಹಿಂದಿದ್ದ ವಾದ. 1868ರ ಮೇಜಿ ಕ್ರಾಂತಿಯ ನಂತರ ಅಧಿಕಾರಕ್ಕೆ ಬಂದವರಿಗೆ ಈ ಅವಮಾನ ತೊಡೆಯುವುದೇ ದೊಡ್ಡ ಚಿಂತೆಯಾಯಿತು. ಅದಕ್ಕಿದ್ದ ದಾರಿ ಒಂದೇ: ಪಾಶ್ಚಾತ್ಯರು ಒಪ್ಪುವಂಥ ಕಾನೂನುಗಳನ್ನು ಆದಷ್ಟು ಬೇಗ ಮಾಡಿಕೊಳ್ಳುವುದು.

ಮೊದಲು ಕಣ್ಣಿಗೆ ಬಿದ್ದದ್ದು ಫ್ರಾನ್ಸಿನ ನೆಪೋಲಿಯನ್ ಸಂಹಿತೆ. ಅದನ್ನು ಅನುವಾದಿಸುವ ಕೆಲಸ ಮಿತ್ಸುಕುರಿ ರಿನ್ಶೋ ಎಂಬ ಯುವ ವಿದ್ವಾಂಸನ ಹೆಗಲಿಗೆ ಬಿತ್ತು. ಶಬ್ದಕೋಶವಿಲ್ಲ, ಕೇಳಲು ಗುರುವಿಲ್ಲ. ‘ಹಕ್ಕು’ ಎಂಬ ಕಲ್ಪನೆಗೆ ಜಪಾನೀ ಭಾಷೆಯಲ್ಲಿ ಪದವೇ ಇರಲಿಲ್ಲ. ಚೀನೀ ಭಾಷೆಗೆ ಅನುವಾದವಾಗಿದ್ದ ಅಂತರರಾಷ್ಟ್ರೀಯ ಕಾನೂನಿನ ಪುಸ್ತಕವೊಂದರಿಂದ ‘ಕೆನ್ರಿ’ ಎಂಬ ಪದವನ್ನು ಆತ ಎತ್ತಿಕೊಂಡ. ಪ್ರಜೆಗಳಿಗೆ ಸಂಬಂಧಿಸಿದ ಹಕ್ಕುಗಳಿಗೆ ‘ಮಿಂಕೆನ್’ ಎಂದು ಬರೆದಾಗ ಸಭೆಯಲ್ಲಿ ಗದ್ದಲವೆದ್ದಿತು. ಪ್ರಜೆಗಳಿಗೆ ಅಧಿಕಾರವೆಂದರೇನು ಎಂದು ಹಿರಿಯರು ಕೆರಳಿದರು. ಅಧ್ಯಕ್ಷತೆ ವಹಿಸಿದ್ದ ಎತೊ ಶಿಂಪೆಯಿ ಜಗಳ ಬಿಡಿಸಿ, ಪದ ಹಾಗೆಯೇ ಇರಲಿ, ಮುಂದೊಂದು ದಿನ ಕೆಲಸಕ್ಕೆ ಬಂದೀತು ಎಂದನಂತೆ. ತಪ್ಪಾದರೂ ಚಿಂತೆಯಿಲ್ಲ, ಬೇಗ ಅನುವಾದಿಸಿ ಎಂದು ಅವಸರಿಸುತ್ತಿದ್ದವನೂ ಅವನೇ. ನ್ಯಾಯಮಂತ್ರಿಯಾಗಿದ್ದ ಈತ ಮುಂದೆ ದಂಗೆಯೊಂದರ ಮುಂದಾಳಾಗಿ ಸೆರೆಸಿಕ್ಕಿ, 1874ರಲ್ಲಿ ಹಳೆಯ ಪದ್ಧತಿಯಂತೆಯೇ ಶಿರಚ್ಛೇದಕ್ಕೆ ಗುರಿಯಾದದ್ದು ಚರಿತ್ರೆಯ ಕ್ರೂರ ವ್ಯಂಗ್ಯ.

ಪದವನ್ನು ಹೊರಗಿನಿಂದ ತಂದುಕೊಳ್ಳುವುದು ನಗೆಪಾಟಲಿನ ವಿಷಯವೇನಲ್ಲ. ಕನ್ನಡದ ಹಳ್ಳಿಗನೂ ಅಳುಕಿಲ್ಲದೆ ಬಳಸುವ ಹಕ್ಕು, ಕಾನೂನು, ವಕೀಲ ಎಂಬ ಮಾತುಗಳೂ ಅರಬ್ಬಿಯಿಂದ ಹೊರಟು ಪಾರ್ಸಿಯ ಮೂಲಕ ಬಂದವೇ. ಪದ ಎಲ್ಲಿಂದ ಬಂತು ಎಂಬುದಕ್ಕಿಂತ ಬಂದ ಮೇಲೆ ಏನಾಯಿತು ಎಂಬುದು ಮುಖ್ಯ.

1873ರಲ್ಲಿ ಗುಸ್ತಾವ್ ಬ್ವಾಸೊನಾದ್ ಎಂಬ ಫ್ರೆಂಚ್ ಪ್ರಾಧ್ಯಾಪಕ ಜಪಾನ್ ಸರ್ಕಾರದ ಸಲಹೆಗಾರನಾಗಿ ಬಂದಿಳಿದ. ಎರಡು ವರ್ಷಗಳ ನಂತರ ಒಂದು ದಿನ ಕೆಲಸ ಮಾಡುತ್ತಿದ್ದಾಗ ಆತನಿಗೆ ಹತ್ತಿರದಿಂದ ನರಳಾಟ ಕೇಳಿಸಿತು. ಹೋಗಿ ನೋಡಿದರೆ ಆರೋಪಿಯೊಬ್ಬನನ್ನು ತಪ್ಪೊಪ್ಪಿಕೊಳ್ಳಲೆಂದು ಹಿಂಸಿಸಲಾಗುತ್ತಿತ್ತು. ಆಗ ಅದು ಕಾನೂನುಬದ್ಧ ವಿಚಾರಣಾ ಕ್ರಮವೇ ಆಗಿತ್ತು. ಬ್ವಾಸೊನಾದ್ ತೀವ್ರವಾಗಿ ಪ್ರತಿಭಟಿಸಿದ. 1879ರಲ್ಲಿ ಚಿತ್ರಹಿಂಸೆ ಕಾನೂನಿನಿಂದ ತೊಲಗಿತು. ಆತನೇ ಸಿದ್ಧಪಡಿಸಿದ ಕರಡಿನ ಆಧಾರದ ದಂಡಸಂಹಿತೆ 1882ರಲ್ಲಿ ಜಾರಿಗೆ ಬಂತು.

ಆದರೆ ಆತ ವರ್ಷಗಟ್ಟಲೆ ದುಡಿದ ಸಿವಿಲ್ ಸಂಹಿತೆಗೆ ಆ ಭಾಗ್ಯವಿರಲಿಲ್ಲ. 1890ರಲ್ಲಿ ಪ್ರಕಟವಾಗಿ 1893ರಲ್ಲಿ ಜಾರಿಯಾಗಬೇಕಿದ್ದ ಅದರ ವಿರುದ್ಧ ದೊಡ್ಡ ವಾಗ್ಯುದ್ಧ ನಡೆಯಿತು. ಈ ಸಂಹಿತೆ ಬಂದರೆ ರಾಜನಿಷ್ಠೆ, ಪಿತೃಭಕ್ತಿ ಎರಡೂ ನಾಶವಾಗುತ್ತವೆ ಎಂಬ ಅರ್ಥದ ತಲೆಬರಹ ಕೊಟ್ಟು ಹೊಝುಮಿ ಯತ್ಸುಕ ಎಂಬ ಪ್ರಾಧ್ಯಾಪಕ 1891ರಲ್ಲಿ ಬರೆದ ಲೇಖನ ಕಿಚ್ಚು ಹಚ್ಚಿತು. ಸೋಜಿಗವೆಂದರೆ, ಸಂಹಿತೆಯ ಕುಟುಂಬ ಭಾಗವನ್ನು ಬರೆದವರು ಬ್ವಾಸೊನಾದ್ ಅಲ್ಲ, ಜಪಾನೀಯರೇ. 1892ರಲ್ಲಿ ಸಂಸತ್ತು ಸಂಹಿತೆಯನ್ನು ಮುಂದೂಡಿತು. 22 ವರ್ಷಗಳ ಸೇವೆಯ ನಂತರ 1895ರಲ್ಲಿ ಆತ ಊರಿಗೆ ಮರಳಿದ.

ಅಷ್ಟರಲ್ಲಿ ಗಾಳಿ ಜರ್ಮನಿಯ ಕಡೆಗೆ ತಿರುಗಿತ್ತು. ಇತೊ ಹಿರೊಬುಮಿ 1882ರಲ್ಲಿ ಯುರೋಪಿಗೆ ಹೋಗಿ ಬರ್ಲಿನ್, ವಿಯೆನ್ನಾಗಳಲ್ಲಿ ರಾಜ್ಯಶಾಸ್ತ್ರದ ಪಾಠ ಹೇಳಿಸಿಕೊಂಡು ಬಂದ. ಜರ್ಮನಿಯ ಹೆರ್ಮಾನ್ ರೋಸ್ಲರ್ 1878ರಿಂದ ಜಪಾನಿನಲ್ಲೇ ನೆಲೆಸಿ ಸಂವಿಧಾನ ರಚನೆಗೆ ಸಲಹೆ ಕೊಟ್ಟ, ವಾಣಿಜ್ಯ ಸಂಹಿತೆಯ ಕರಡು ಬರೆದ. 1889ರ ಮೇಜಿ ಸಂವಿಧಾನದಲ್ಲಿ ಪ್ರಷ್ಯಾದ ಛಾಯೆ ಎದ್ದು ಕಾಣುತ್ತಿತ್ತು. 1893ರಲ್ಲಿ ಹೊಸ ಸಿವಿಲ್ ಸಂಹಿತೆಗೆ ಸಮಿತಿ ನೇಮಕವಾದಾಗ ಕರಡುಕಾರರು ಕೈಗೆತ್ತಿಕೊಂಡದ್ದು, ಜರ್ಮನಿಯಲ್ಲೇ ಇನ್ನೂ ಶಾಸನವಾಗದಿದ್ದ ಜರ್ಮನ್ ಸಿವಿಲ್ ಸಂಹಿತೆಯ ಕರಡನ್ನು. ಜಪಾನಿನ ಸಂಹಿತೆ 1898ರ ಜುಲೈಯಲ್ಲಿ ಜಾರಿಗೆ ಬಂತು; ಜರ್ಮನಿಯದು 1900ರ ಜನವರಿ 1ರಂದು. ಶಿಷ್ಯ ಗುರುವಿಗಿಂತ ಮೊದಲೇ ಪರೀಕ್ಷೆ ಮುಗಿಸಿದ್ದ! ಬ್ರಿಟನ್ ಜೊತೆ 1894ರಲ್ಲಿ ಆದ ಹೊಸ ಒಪ್ಪಂದ 1899ರಲ್ಲಿ ಜಾರಿಗೆ ಬಂದು ವಿದೇಶೀ ಕಾನ್ಸಲರ ನ್ಯಾಯಾಧಿಕಾರ ಕೊನೆಗೊಂಡಿತು. ಎರವಲಿನ ಉದ್ದೇಶ ಈಡೇರಿತು.

ಒಂದೇ ಕಲಮು, ಬೇರೆ ಬಾಳು

ಕತೆ ಇಲ್ಲಿಗೇ ಮುಗಿಯುವುದಾದರೆ ಹ್ಯಾಂಬರ್ಗ್‌ನ ಪತ್ರಿಕೆಗೆ ಕೆಲಸವೇ ಇರುತ್ತಿರಲಿಲ್ಲ. ಜಪಾನಿನ ಕಾನೂನು ಜರ್ಮನ್ ಕಾನೂನಿನ ಪ್ರತಿ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಬಹುಕಾಲ ಹಾಗೆಯೇ ಹೇಳುತ್ತಲೂ ಇದ್ದರು, ಸ್ವತಃ ಜಪಾನಿನ ವಿದ್ವಾಂಸರು ಕೂಡ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅವರು ತಮ್ಮ ಸಂಹಿತೆಯ ಪ್ರತಿಯೊಂದು ಕಲಮಿಗೂ ಜರ್ಮನ್ ಪಠ್ಯಪುಸ್ತಕಗಳಿಂದಲೇ ಅರ್ಥ ತೆಗೆಯುತ್ತಿದ್ದರು. 1965ರಲ್ಲಿ ಹೊಶಿನೊ ಎಯಿಚಿ ಎಂಬ ಪ್ರಾಧ್ಯಾಪಕ ಒಂದು ಪ್ರಬಂಧ ಬರೆದು, ಸಂಹಿತೆಯ ಎಷ್ಟೋ ಕಲಮುಗಳು ಬ್ವಾಸೊನಾದ್‌ನ ಕರಡಿನ ಮೂಲಕ ಫ್ರಾನ್ಸಿನಿಂದ ಬಂದವು ಎಂದು ತೋರಿಸಿದ. ಇದು ಅನಿರೀಕ್ಷಿತವೇನೂ ಆಗಬೇಕಿರಲಿಲ್ಲ. ಮೂವರು ಕರಡುಕಾರರಲ್ಲಿ ಉಮೆ ಕೆಂಜಿರೊ, ತೊಮಿಯಿ ಮಸಾಕಿರ ಇಬ್ಬರೂ ಫ್ರಾನ್ಸಿನ ಲಿಯೋನ್‌ನಲ್ಲಿ ಕಲಿತವರು. ಮೂರನೆಯವನಾದ ಹೊಝುಮಿ ನೊಬುಶಿಗೆ ಲಂಡನ್ ಮತ್ತು ಬರ್ಲಿನ್‌ಗಳಲ್ಲಿ ಓದಿದವನು. ಹಿಂದಿನ ಕರಡನ್ನು ಅವರು ಒಲೆಗೆ ಹಾಕಿರಲಿಲ್ಲ, ತಿದ್ದಿ ಬಳಸಿದ್ದರು.

ಇದರ ಪರಿಣಾಮ ಒಂದು ಜಮೀನಿನ ಮಾರಾಟದಲ್ಲೇ ಕಾಣುತ್ತದೆ. ಜರ್ಮನಿಯಲ್ಲಿ ಭೂನೋಂದಣಿ ಪುಸ್ತಕದಲ್ಲಿ ಹೆಸರು ಏರುವವರೆಗೆ ಕೊಂಡವನು ಒಡೆಯನಲ್ಲ. ಜಪಾನಿನಲ್ಲಿ ಮಾರುವವನು, ಕೊಳ್ಳುವವನು ಒಪ್ಪಿದರೆ ಅವರಿಬ್ಬರ ಮಟ್ಟಿಗೆ ಒಡೆತನ ಕೈಬದಲಾಯಿಸಿತು. ಮೂರನೆಯವರ ಮುಂದೆ ಸಾಧಿಸಲು ಮಾತ್ರ ನೋಂದಣಿ ಬೇಕು. ಇದು ಫ್ರೆಂಚ್ ಮೂಲದ ನಿಯಮ. ಜರ್ಮನ್ ಕನ್ನಡಕ ಹಾಕಿಕೊಂಡು ಇದನ್ನು ಓದಹೊರಟ ಪಂಡಿತರು ದಶಕಗಟ್ಟಲೆ ಗೋಜಲು ಬಿಡಿಸುತ್ತ ಕೂತರು.

ಪುಸ್ತಕದ ಮೂಲ ಯಾವುದೇ ಇರಲಿ, ಊರಿನ ಬದುಕು ಅದನ್ನು ಬೇರೆಯೇ ಮಾಡಿತು. ಸಂಹಿತೆಯ ಪ್ರಕಾರ ಕಚೇರಿಯಲ್ಲಿ ನೋಂದಾಯಿಸಿದರೆ ಮಾತ್ರ ಮದುವೆ. ಆದರೆ ಜನ ಹಿಂದಿನಂತೆ ಶಾಸ್ತ್ರ ಮಾಡಿ, ಊಟ ಹಾಕಿ ಸೊಸೆಯನ್ನು ಮನೆ ತುಂಬಿಸಿಕೊಳ್ಳುತ್ತಿದ್ದರು. ಸೊಸೆ ಮನೆಗೆ ಹೊಂದುತ್ತಾಳೋ, ಮಗುವಾಗುತ್ತದೋ ನೋಡಿಕೊಂಡು ಆಮೇಲೆ ಹೆಸರು ಬರೆಸಿದರಾಯಿತು ಎಂಬುದು ಎಷ್ಟೋ ಮನೆಗಳ ಎಣಿಕೆ. ಹೊಂದದಿದ್ದರೆ ತವರಿಗೆ ಅಟ್ಟಿದರಾಯಿತು. ಕಾನೂನಿನ ಕಣ್ಣಿಗೆ ಮದುವೆಯೇ ಆಗಿಲ್ಲವಲ್ಲ! 1915ರಲ್ಲಿ ಜಪಾನಿನ ಅತ್ಯುನ್ನತ ನ್ಯಾಯಾಲಯ ಇಂಥ ಸಂಬಂಧವನ್ನು ಮದುವೆಯ ವಚನವೆಂದು ಪರಿಗಣಿಸಿ, ಕಾರಣವಿಲ್ಲದೆ ಅದನ್ನು ಮುರಿದವನು ಪರಿಹಾರ ಕೊಡಬೇಕಾಗುತ್ತದೆ ಎಂಬ ತತ್ವವನ್ನು ಒಪ್ಪಿತು. ಸಂಹಿತೆಯ ಒಂದಕ್ಷರವೂ ಬದಲಾಗಿರಲಿಲ್ಲ, ಕಾನೂನು ಬದಲಾಗಿತ್ತು.

ಉನಾಝುಕಿ ಎಂಬ ಬಿಸಿನೀರಿನ ಬುಗ್ಗೆಯ ಊರಿನ ಮೊಕದ್ದಮೆ ಇನ್ನೂ ಸ್ವಾರಸ್ಯದ್ದು. ತೊಯಾಮ ಪ್ರಾಂತದ ಈ ವಿಹಾರಸ್ಥಳಕ್ಕೆ ಬೆಟ್ಟದ ಮೇಲಿನಿಂದ ಸುಮಾರು 7.5 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಬಿಸಿನೀರು ಬರುತ್ತಿತ್ತು. ಅದು ಒಂದೆಡೆ ಯಾರದೋ ಬರಡು ನೆಲದ 2 ತ್ಸುಬೊ, ಎಂದರೆ ಸುಮಾರು 70 ಚದರ ಅಡಿ ಜಾಗವನ್ನು ಹಾದುಹೋಗಿತ್ತು. ಇದನ್ನು ಕಂಡುಕೊಂಡ ಒಬ್ಬಾತ ಆ ನೆಲವನ್ನು ಕೊಂಡು, ಕೊಳವೆ ಕಿತ್ತುಹಾಕಿ, ಇಲ್ಲವೇ ಅಕ್ಕಪಕ್ಕದ ಜಮೀನನ್ನೂ ಸೇರಿಸಿ ಭಾರಿ ಬೆಲೆಗೆ ಕೊಂಡುಕೊಳ್ಳಿ ಎಂದು ಪಟ್ಟುಹಿಡಿದ. ನೆಲ ಅವನದು, ಒಡೆಯನ ಹಕ್ಕನ್ನು ಸಂಹಿತೆ ಸ್ಪಷ್ಟವಾಗಿ ಹೇಳಿತ್ತು. ಆದರೂ 1935ರಲ್ಲಿ ನ್ಯಾಯಾಲಯ ಅವನ ಅಹವಾಲನ್ನು ತಳ್ಳಿಹಾಕಿತು. ಅನ್ಯಾಯದ ಲಾಭಕ್ಕಾಗಿ ಹಕ್ಕನ್ನು ಚಲಾಯಿಸುವುದು ಹಕ್ಕಿನ ದುರುಪಯೋಗ ಎಂಬುದು ತೀರ್ಪಿನ ತಿರುಳು. ಆಗಿನ ಜಪಾನೀ ಸಂಹಿತೆಯಲ್ಲಿ ಅಂಥ ನಿಯಮ ಬರೆದಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ, 1947ರ ತಿದ್ದುಪಡಿಯಲ್ಲಿ, ಅದು ಸಂಹಿತೆಯ ಮೊಟ್ಟಮೊದಲ ಕಲಮಿನಲ್ಲೇ ಜಾಗ ಪಡೆಯಿತು. ‘ಕೆನ್ರಿ’ ಎಂಬ ಪದವೇ ಇಲ್ಲದಿದ್ದ ನಾಡು ಎಪ್ಪತ್ತು ವರ್ಷಗಳೊಳಗೆ ಅದರ ಎಲ್ಲೆಯನ್ನೂ ತಾನೇ ಗುರುತಿಸಿಕೊಂಡಿತ್ತು.

ಅರಿಯುವುದಕ್ಕೆ ಓದುವುದು

ಜಪಾನಿನ ಕಾನೂನನ್ನು ಹೊರಗಿನವರು ಕುತೂಹಲದಿಂದ ಓದತೊಡಗಿದ್ದು ಯುದ್ಧಾನಂತರ. ಅಮೆರಿಕದಲ್ಲಿ 1967ರಲ್ಲೇ ‘ಲಾ ಇನ್ ಜಪಾನ್’ ಎಂಬ ವಾರ್ಷಿಕ ಸಂಚಿಕೆ ಶುರುವಾಗಿತ್ತು. ಆ ಕಾಲದಲ್ಲಿ ಎಲ್ಲರನ್ನೂ ಕಾಡಿದ ಪ್ರಶ್ನೆ, ಜಪಾನೀಯರು ಕೋರ್ಟಿನ ಮೆಟ್ಟಿಲು ಹತ್ತುವುದು ಇಷ್ಟು ಕಡಿಮೆ ಏಕೆ ಎಂಬುದು. ಅದು ಅವರ ಸಂಸ್ಕೃತಿ, ಅವರಿಗೆ ಹಕ್ಕಿನ ಪ್ರಜ್ಞೆ ಕಡಿಮೆ, ರಾಜಿಯೇ ಇಷ್ಟ ಎಂದು ಕವಾಶಿಮ ತಕೆಯೋಶಿ ಎಂಬ ಜಪಾನೀ ವಿದ್ವಾಂಸ ವಾದಿಸಿದ್ದ. ಕೇಳಲು ಹಿತವಾದ ಈ ವಿವರಣೆ ಬೇಗ ಹರಡಿತು. 1978ರಲ್ಲಿ ಜಾನ್ ಹೇಲಿ ಎಂಬ ಅಮೆರಿಕನ್ ವಿದ್ವಾಂಸ ಅಂಕಿಅಂಶ ಮುಂದಿಟ್ಟು ಅದನ್ನು ಅಲುಗಾಡಿಸಿದ. ಯುದ್ಧಕ್ಕೆ ಮುಂಚೆ ಜಪಾನೀಯರು ಹೆಚ್ಚಾಗಿಯೇ ವ್ಯಾಜ್ಯ ಹೂಡುತ್ತಿದ್ದರು, ಕಡಿಮೆಯಾದದ್ದು ಆಮೇಲೆ. ನ್ಯಾಯಾಧೀಶರು ಬೆರಳೆಣಿಕೆಯಷ್ಟು, ವಕೀಲರಾಗುವ ಪರೀಕ್ಷೆಯಲ್ಲಿ ವರ್ಷಕ್ಕೆ ಸುಮಾರು 500 ಮಂದಿ ಮಾತ್ರ ಪಾಸು. ಬಾಗಿಲು ಕಿರಿದಾಗಿದ್ದರಿಂದ ಜನ ಒಳಗೆ ಬರಲಿಲ್ಲವೇ ಹೊರತು ಮನಸ್ಸಿಲ್ಲದೆ ಅಲ್ಲ ಎಂಬುದು ಅವನ ವಾದ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಕನ್ನಡದಲ್ಲೂ ಇದೆ. ಗಾದೆಯನ್ನು ನಂಬಿ ಕನ್ನಡಿಗರು ಕೋರ್ಟಿಗೆ ಹೋಗುವುದಿಲ್ಲ ಎಂದು ಯಾರಾದರೂ ಬರೆದರೆ ತಾಲ್ಲೂಕು ಕಚೇರಿಯ ಜವಾನನೂ ನಕ್ಕಾನು. ಪರರ ಕಾನೂನನ್ನು ದೂರದಿಂದ ನೋಡುವವರು ಇಂಥ ತಪ್ಪನ್ನೇ ಮಾಡುತ್ತಾರೆ. ತಪ್ಪು ತಿಳಿಯಬೇಕಾದರೆ ತೀರ್ಪು, ಲೆಕ್ಕ, ಭಾಷೆ ಮೂರನ್ನೂ ಹತ್ತಿರದಿಂದ ನೋಡುವ ತಾಳ್ಮೆ ಬೇಕು.

ಹ್ಯಾಂಬರ್ಗ್‌ನ ಪತ್ರಿಕೆ ಕೈಗೊಂಡದ್ದು ಇಂಥ ತಾಳ್ಮೆಯ ಕೆಲಸವನ್ನೇ. ಜಪಾನೀ ಶಾಸನಗಳ ಅನುವಾದಕ್ಕೆಂದು ಅಲ್ಲಿನ ನ್ಯಾಯ ಸಚಿವಾಲಯ ಸಾರ್ವಜನಿಕ ದತ್ತಸಂಚಯ ತೆರೆದದ್ದು 2009ರಲ್ಲಿ. ಅದಕ್ಕೆ ಮುಂಚೆ ಜಪಾನೀ ಬಾರದವರಿಗೆ ಆ ನಾಡಿನ ಹೊಸ ಕಾಯ್ದೆ ಏನು ಹೇಳುತ್ತದೆಂದು ತಿಳಿಯುವುದೇ ಕಷ್ಟವಿತ್ತು. 2009ರಲ್ಲೇ ಜಪಾನ್ ಗಂಭೀರ ಕ್ರಿಮಿನಲ್ ಪ್ರಕರಣಗಳಲ್ಲಿ ಮೂವರು ನ್ಯಾಯಾಧೀಶರ ಜೊತೆ ಆರು ಮಂದಿ ಸಾಮಾನ್ಯ ನಾಗರಿಕರನ್ನು ಕೂರಿಸಿತು. ಜರ್ಮನಿಯಲ್ಲೂ ನ್ಯಾಯಾಧೀಶರೊಂದಿಗೆ ನಾಗರಿಕರು ಕೂರುತ್ತಾರೆ. 2020ರಲ್ಲಿ ಜಪಾನಿನ ಸಿವಿಲ್ ಸಂಹಿತೆಯ ಕರಾರುಗಳ ಭಾಗ ಸುಮಾರು 120 ವರ್ಷಗಳ ನಂತರ ಹೊಸ ರೂಪ ಪಡೆಯಿತು. ಜರ್ಮನಿ ಇಂಥದೇ ಕೆಲಸವನ್ನು 2002ರಲ್ಲಿ ಮಾಡಿತ್ತು. ಇಬ್ಬರ ಮುಂದೆಯೂ ಒಂದೇ ಬಗೆಯ ಸಮಸ್ಯೆ, ಉತ್ತರ ಮಾತ್ರ ಬೇರೆ.

ಈ ಬೇರೆತನ ಹೇಗಿರುತ್ತದೆಂಬುದಕ್ಕೆ ಮುದುಕರ ಆರೈಕೆಯ ವಿಮೆ ಒಳ್ಳೆಯ ಉದಾಹರಣೆ. ಜರ್ಮನಿ ಇದನ್ನು 1995ರಲ್ಲಿ ತಂದಿತು. ಅದನ್ನು ಗಮನವಿಟ್ಟು ಅಭ್ಯಸಿಸಿದ ಜಪಾನ್ 1997ರಲ್ಲಿ ತನ್ನದೇ ಕಾಯ್ದೆ ಮಾಡಿ 2000ದಲ್ಲಿ ಜಾರಿಗೆ ತಂದಿತು. ಜರ್ಮನಿಯಲ್ಲಿ ಮನೆಯವರೇ ಆರೈಕೆ ಮಾಡುವುದಾದರೆ ನಗದು ಭತ್ಯೆ ಉಂಟು. ಜಪಾನ್ ನಗದನ್ನು ಬಿಟ್ಟು ಸೇವೆಯನ್ನೇ ಕೊಡಲು ನಿರ್ಧರಿಸಿತು. ಹಣ ಕೊಟ್ಟರೆ ಅತ್ತೆ ಮಾವಂದಿರ ಸೇವೆ ಮತ್ತೆ ಸೊಸೆಯ ತಲೆಗೇ ಕಟ್ಟಿದಂತಾಗುತ್ತದೆ ಎಂದು ಮಹಿಳಾ ಸಂಘಟನೆಗಳು ಎಚ್ಚರಿಸಿದ್ದೇ ಇದಕ್ಕೆ ಒಂದು ಕಾರಣ. ಜರ್ಮನ್ ಕಾಯ್ದೆಯನ್ನು ಪುಸ್ತಕದಲ್ಲಿ ಓದುವವನಿಗೆ ಆ ಭತ್ಯೆ ಒಂದು ಸೌಲಭ್ಯ. ಜಪಾನಿನ ಸೊಸೆಯ ಕಡೆಯಿಂದ ನೋಡಿದರೆ ಅದೇ ಒಂದು ಬಂಧನ. ಶಿಷ್ಯನ ಉತ್ತರ ಓದಿದಾಗ ಗುರುವಿಗೆ ತನ್ನ ಪ್ರಶ್ನೆಯೇ ಹೊಸದಾಗಿ ಕಾಣುವುದು ಹೀಗೆ.

ಕೋಲ್‌ಬ್ರೂಕ್‌ನ ಓದಿನಲ್ಲಿ ಒಂದು ಪದ ತಪ್ಪಿದರೆ ಯಾವುದೋ ಊರಿನ ವಿಧವೆ ತನ್ನ ಪಾಲು ಕಳೆದುಕೊಳ್ಳಬಹುದಿತ್ತು. ಮಿತ್ಸುಕುರಿಯ ಓದಿನಲ್ಲಿ ತಪ್ಪಾದರೆ ಇಡೀ ದೇಶ ಆ ತಪ್ಪನ್ನು ಹೊತ್ತು ನಡೆಯಬೇಕಿತ್ತು. ಹ್ಯಾಂಬರ್ಗ್‌ನ ಪತ್ರಿಕೆಯ ಓದಿಗೆ ಅಂಥ ಬಲವೇನೂ ಇಲ್ಲ. ಅದು ಯಾರಿಗೂ ಆಜ್ಞೆ ಮಾಡದು, ಯಾವ ಸಂಸತ್ತೂ ಅದನ್ನು ನಕಲು ಮಾಡಬೇಕಾಗಿಲ್ಲ. ಅಲ್ಲಿ ಜರ್ಮನ್ ವಿದ್ವಾಂಸ ತಪ್ಪಿದರೆ ಜಪಾನೀ ವಿದ್ವಾಂಸ ಅದೇ ಪುಟಗಳಲ್ಲಿ ಉತ್ತರ ಬರೆಯಬಹುದು. ಮುಂದಿನ ಸಂಚಿಕೆಯಲ್ಲಿ ತಿದ್ದಿಕೊಳ್ಳಬಹುದು. ಪರರ ಕಾನೂನನ್ನು ಹೀಗೆ ನಿರ್ಬಲವಾಗಿ, ತಿದ್ದಿಸಿಕೊಳ್ಳುವ ಮನಸ್ಸಿನಿಂದ ಓದುವುದನ್ನು ಕಲಿಯಲು ಮನುಷ್ಯರಿಗೆ ಬಹಳ ಕಾಲವೇ ಬೇಕಾಯಿತು.